ನನ್ನದಲ್ಲದ ಪತ್ರ

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಬರಹರೂಪ)

ಬೆಳಿಗ್ಗೆ ಚಹಾ ಮುಗಿಸಿ ಇ-ಮೇಲ್ ತೆರೆದು ನೋಡುವುದು ನಿವೃತ್ತನಾದ ಮೇಲೆ ನನ್ನ ನಿತ್ಯಕರ್ಮಗಳಲ್ಲಿ ಒಂದಾಗಿದೆ. ಅಲ್ಲಿ ನನಗೆ ಬಂದ ಪತ್ರಗಳ ಜೊತೆಗೆ ನನ್ನದಲ್ಲದ ಪತ್ರಗಳೂ ಕಾದು ಕುಳಿತಿರುತ್ತವೆ. ಜಾಹೀರಾತುಗಳ ಮಾತು ಬಿಡಿ. ಯಾರೋ ಯಾರಿಗೋ ಬರೆದು, ವಿಳಾಸ ತಪ್ಪಿ ನನ್ನ ಹೊಸ್ತಿಲಿಗೆ ಬಂದು ಬಿದ್ದ ನಿಜವಾದ ಪತ್ರಗಳ ವಿಷಯ ಹೇಳುತ್ತಿದ್ದೇನೆ. ಪುಣೆಯ ಒಂದು ಹೌಸಿಂಗ್ ಸೊಸೈಟಿಯಲ್ಲಿ ನೀರಿನ ಟ್ಯಾಂಕಿಗಾಗಿ ನಡೆದಿರುವ ಜಗಳ ಎರಡು ವರ್ಷದಿಂದ ನನಗೆ ಗೊತ್ತು. ನಾಸಿಕದ ಒಬ್ಬ ಹುಡುಗ ಗಣಿತದಲ್ಲಿ ಹಿಂದೆ ಬಿದ್ದಿದ್ದಾನೆಂದು ಅವನ ಶಾಲೆಯವರು ನನಗೆ ತಿಳಿಸುತ್ತಾರೆ. ಒಮ್ಮೆ ಯಾರದೋ ರೈಲಿನ ಟಿಕೀಟು ಬಂತು. ಅವರಿಗೆ ಲೋಯರ್ ಬರ್ತ್ ಸಿಕ್ಕಿತ್ತು, ನನಗೆ ಯಾವತ್ತೂ ಸಿಗದ ಭಾಗ್ಯ!

ಇದಕ್ಕೆಲ್ಲ ಕಾರಣ ನನ್ನ ಅಡ್ಡಹೆಸರು. ನಾನು ಕುಲಕರ್ಣಿ. ಹಿಂದೆ ಊರಿನ ಲೆಕ್ಕಪತ್ರ ಇಡುತ್ತಿದ್ದವರಿಗೆ ಈ ಹೆಸರು. ಹೀಗಾಗಿ ಧಾರವಾಡದ ಕಡೆಯೂ ಕುಲಕರ್ಣಿಗಳು, ಸಾತಾರದ ಕಡೆಯೂ ಕುಲಕರ್ಣಿಗಳು. ದೇಶಪಾಂಡೆ, ಜೋಶಿ, ಪಾಟೀಲರ ಕಥೆಯೂ ಇದೇ. ಜಿ-ಮೇಲ್ 2004ರಲ್ಲಿ ಶುರುವಾದಾಗ, ಒಳಗಿದ್ದವರು ಕರೆದರೆ ಮಾತ್ರ ಹೊಸಬರಿಗೆ ಪ್ರವೇಶವಿತ್ತು. ನನ್ನ ಮಗ ಯಾರಿಂದಲೋ ಕರೆ ಗಿಟ್ಟಿಸಿ ನನಗೊಂದು ವಿಳಾಸ ಮಾಡಿಕೊಟ್ಟ. ಹೆಸರಿನ ಮೊದಲಕ್ಷರ, ಮುಂದೆ ಅಡ್ಡಹೆಸರು, ಅಷ್ಟೇ. ಆಮೇಲೆ ಬಂದ ಕುಲಕರ್ಣಿಗಳು ಹೆಸರಿನ ಬಾಲಕ್ಕೆ ಅಂಕಿ ಕಟ್ಟಿಕೊಳ್ಳಬೇಕಾಯಿತು. ಆ ಅಂಕಿಯನ್ನು ಅವರು ಮರೆತರೆ ಪತ್ರ ನೇರವಾಗಿ ನನ್ನ ಬಳಿಗೆ. ಇನ್ನು ಕೆಲವರು ಹೆಸರಿನ ನಡುವೆ ಒಂದು ಚುಕ್ಕೆ ಇಟ್ಟರೆ ಅದು ಬೇರೆ ವಿಳಾಸ ಎಂದು ತಿಳಿದಿರುತ್ತಾರೆ. ಜಿ-ಮೇಲಿನಲ್ಲಿ ಚುಕ್ಕೆ ಇಟ್ಟರೂ ಒಂದೇ, ಬಿಟ್ಟರೂ ಒಂದೇ.

ಕಾಗದದ ಕಾಲದಲ್ಲೂ ವಿಳಾಸ ತಪ್ಪುತ್ತಿತ್ತು. ಒಂದೇ ಹೆಸರಿನ ಹತ್ತು ಊರುಗಳು, ಹಲವು ಭಾಷೆಗಳ ಬರವಣಿಗೆ. ಹೊಸೂರು ಎಂದಷ್ಟೇ ಬರೆದರೆ ಯಾವ ಹೊಸೂರು? ಈ ಗೊಂದಲ ಕಳೆಯಲೆಂದೇ 1972ರ ಆಗಸ್ಟ್ 15ರಂದು ಪಿನ್ ಕೋಡ್ ಜಾರಿಗೆ ಬಂತು. ಅದನ್ನು ರೂಪಿಸಿದವರು ಅಂಚೆ ಇಲಾಖೆಯ ಅಧಿಕಾರಿ, ಸಂಸ್ಕೃತ ಪಂಡಿತರೂ ಆಗಿದ್ದ ಶ್ರೀರಾಮ ಭಿಕಾಜಿ ವೇಲಣಕರ್. ಆರೇ ಅಂಕಿ. 400 ಎಂದು ಶುರುವಾದರೆ ಮುಂಬೈ, 580 ಎಂದರೆ ನಮ್ಮ ಧಾರವಾಡದ ಕಡೆ. ಅಷ್ಟಾಗಿಯೂ ತಪ್ಪಿದರೆ ಪೋಸ್ಟ್‌ಮನ್ ಇದ್ದ. ಅವನು ಬಾಗಿಲಲ್ಲಿ ನಿಂತು, "ಈ ಹೆಸರಿನವರು ಇಲ್ಲಿ ಯಾರಿದ್ದಾರೆ?" ಎಂದು ಕೇಳುತ್ತಿದ್ದ.

ಇ-ಮೇಲಿಗೆ ಆ ಪೋಸ್ಟ್‌ಮನ್ ಇಲ್ಲ. ಇಲ್ಲದ ವಿಳಾಸಕ್ಕೆ ಬರೆದರೆ ಪತ್ರ ಮರಳಿ ಬರುತ್ತದೆ, ಬರೆದವರಿಗೆ ತಪ್ಪು ಗೊತ್ತಾಗುತ್ತದೆ. ಆದರೆ ತಪ್ಪಾದ ವಿಳಾಸವೂ ಯಾರದಾದರೂ ವಿಳಾಸವಾಗಿದ್ದರೆ ಅದು ಸದ್ದಿಲ್ಲದೆ ಅಲ್ಲಿಗೆ ಸೇರುತ್ತದೆ. ಕಳಿಸಿದವರು ಮುಟ್ಟಿತೆಂದುಕೊಳ್ಳುತ್ತಾರೆ. ಕಾಯುವವರು ಕಾಯುತ್ತಲೇ ಇರುತ್ತಾರೆ. ಇದರ ಅರ್ಥ ನನಗೆ ಒಂದು ಪತ್ರದಿಂದ ತಿಳಿಯಿತು. ಅದನ್ನು ಹೇಳಲೆಂದೇ ಇವತ್ತು ನಿಮ್ಮ ಮುಂದೆ ಬಂದಿದ್ದೇನೆ.

ಆ ವಾರ ನಾನು ರಕ್ತ ಪರೀಕ್ಷೆಗೆ ಕೊಟ್ಟಿದ್ದೆ. ಮರುದಿನ ಸಂಜೆ ಒಂದು ಲ್ಯಾಬಿನಿಂದ ವರದಿ ಬಂತು. ಮೇಲೆ ನನ್ನದೇ ಮೊದಲಕ್ಷರ, ಕುಲಕರ್ಣಿ. ನನ್ನದೆಂದೇ ತೆರೆದೆ. ಮಧ್ಯದಲ್ಲಿ ಒಂದು ಸಾಲು ದಪ್ಪ ಅಕ್ಷರದಲ್ಲಿತ್ತು. ಕ್ರಿಯಾಟಿನಿನ್ 4.8. ಗಂಡಸರಿಗೆ ಹೆಚ್ಚುಕಡಿಮೆ 1.3ರ ಒಳಗಿರಬೇಕಾದದ್ದು. ಮೂತ್ರಪಿಂಡ ಸೋತಾಗ ಏರುವ ಅಂಕಿ ಅದು. ಕೈಕಾಲು ತಣ್ಣಗಾದವು. ಹೆಂಡತಿಯನ್ನು ಕರೆಯಲೂ ಧೈರ್ಯವಾಗಲಿಲ್ಲ. ಅರ್ಧ ಗಂಟೆ ಹಾಗೆಯೇ ಕುಳಿತಿದ್ದೆ. ಆಮೇಲೆ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರೆ, ವಯಸ್ಸು 71, ಊರು ಸಾಂಗ್ಲಿ. ನನಗೆ 64. ನಾನಿರುವುದು ಡೊಂಬಿವಲಿಯಲ್ಲಿ.

"ಅಬ್ಬ, ನನ್ನದಲ್ಲ!" ಎಂದು ಜೋರಾಗಿಯೇ ಹೇಳಿದೆ. ಹೆಂಡತಿಯನ್ನು ಕರೆದು ನಡೆದದ್ದನ್ನು ನಗುತ್ತ ಹೇಳಿದೆ. ಪತ್ರ ಮುಚ್ಚಿದೆ. ಆ ರಾತ್ರಿ ಎರಡು ಚಪಾತಿ ಹೆಚ್ಚಿಗೇ ತಿಂದೆ.

ಐದು ದಿನದ ಮೇಲೆ ನನ್ನ ವರದಿ ಕೈಗೆ ಬಂತು. ಎಲ್ಲ ಸರಿಯಿತ್ತು. ಅದನ್ನು ನೋಡುತ್ತಿದ್ದ ಹೆಂಡತಿ ಕೇಳಿದಳು, "ಆ ಇನ್ನೊಂದು ರಿಪೋರ್ಟು ಅವರಿಗೆ ಮುಟ್ಟಿತೇನ್ರಿ?"

"ಯಾರಿಗೆ?" ಎಂದೆ.

"ಅದು ಯಾರದೋ, ಅವರಿಗೆ."

ನನ್ನ ಬಳಿ ಉತ್ತರವಿರಲಿಲ್ಲ. ನನ್ನದಲ್ಲ ಎಂಬುದು ಗೊತ್ತಾದ ಕ್ಷಣಕ್ಕೆ ಅದು ಇನ್ನೊಬ್ಬರದು ಎಂಬುದನ್ನು ನಾನು ಮರೆತಿದ್ದೆ.

ಬಂದ ವಿಳಾಸಕ್ಕೇ ಉತ್ತರ ಬರೆದೆ. ಈ ವಿಳಾಸಕ್ಕೆ ಬಂದ ಪತ್ರ ಯಾರೂ ಓದುವುದಿಲ್ಲ ಎಂದು ಯಂತ್ರದ ಉತ್ತರ ಬಂತು. ಲ್ಯಾಬಿಗೆ ಫೋನು ಮಾಡಿದೆ. "ಪೇಶಂಟ್ ಬರೆದುಕೊಟ್ಟ ಇ-ಮೇಲ್ ಇದೇ ಸರ್" ಎಂದರು. ಆ ಪೇಶಂಟ್ ನಾನಲ್ಲ ಎಂದು ತಿಳಿಸಿ ಹೇಳಲು ಹತ್ತು ನಿಮಿಷ ಹಿಡಿಯಿತು. "ನೀವು ಅವರ ನಂಬರು ನನಗೆ ಕೊಡುವುದು ಬೇಡ, ನೀವೇ ಫೋನು ಮಾಡಿ ವರದಿ ಮುಟ್ಟಿಸಿ, ಬೇಕಾದರೆ ನನ್ನ ನಂಬರು ಅವರಿಗೆ ಕೊಡಿ" ಎಂದೆ. ಮರುದಿನ ಮತ್ತೆ ನೆನಪಿಸಿದೆ.

ಆ ಸಂಜೆ ಒಬ್ಬ ಹೆಣ್ಣುಮಗಳು ಫೋನು ಮಾಡಿದರು. ಆ ಹಿರಿಯರ ಮಗಳು, ಮಾತು ಮರಾಠಿ. ಧನ್ಯವಾದ ಹೇಳುತ್ತಾರೆ ಎಂದುಕೊಂಡಿದ್ದೆ. ಅವರು ಮೊದಲು ಕೇಳಿದ್ದು ಒಂದೇ ಮಾತು. "ನೀವು ಅದನ್ನು ಓದಿದಿರಾ?"

ಓದಿದೆ ಎಂದೆ. ನನ್ನದೆಂದು ತಿಳಿದು ತೆರೆದೆ ಎಂದೂ ಹೇಳಿದೆ. ಅತ್ತಲಿಂದ ಸ್ವಲ್ಪ ಹೊತ್ತು ಮಾತಿಲ್ಲ. ಅವರ ತಂದೆಯ ಕಾಯಿಲೆ ಮಗಳಿಗಿಂತ ಮೊದಲು ಒಬ್ಬ ಪರಕೀಯನಿಗೆ ಗೊತ್ತಾಗಿತ್ತು. ಆಮೇಲೆ ಅವರೇ ಹೇಳಿದರು. ತಂದೆ ಚೀಟಿಯಲ್ಲಿ ವಿಳಾಸ ಬರೆಯುವಾಗ ಕೊನೆಯ ಎರಡು ಅಂಕಿ ಬಿಟ್ಟಿದ್ದರು. ವರದಿ ಬರಲಿಲ್ಲ ಎಂದರೆ ಕೆಟ್ಟದ್ದೇನೂ ಇಲ್ಲ ಎಂದು ಮನೆಯವರೆಲ್ಲ ಸುಮ್ಮನಿದ್ದರು. ಅಷ್ಟು ದಿನವೂ ಅವರು ಮಂಡಿನೋವಿಗೆಂದು ದಿನಕ್ಕೆ ಎರಡು ನೋವಿನ ಮಾತ್ರೆ ನುಂಗುತ್ತಿದ್ದರು. ಮೂತ್ರಪಿಂಡ ಸೋತವರಿಗೆ ಅಂಥ ಎಷ್ಟೋ ಮಾತ್ರೆಗಳು ವಿಷವಿದ್ದಂತೆ ಎಂದು ಡಾಕ್ಟರುಗಳು ಹೇಳುವುದನ್ನು ನೀವೂ ಕೇಳಿರಬಹುದು.

ವರದಿ ಯಾವತ್ತು ಬಂದಿತ್ತು ಎಂದು ಅವರು ಕೇಳಿದರು. ತಾರೀಖು ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಬಂಧುಗಳೇ, ನಮ್ಮ ಅಂಚೆ ಇಲಾಖೆಯಲ್ಲಿ ರಿಟರ್ನ್ಡ್ ಲೆಟರ್ ಆಫೀಸ್ ಎಂಬ ಕಚೇರಿಯುಂಟು. ಹಿಂದೆ ಡೆಡ್ ಲೆಟರ್ ಆಫೀಸ್ ಎನ್ನುತ್ತಿದ್ದರು. ಮುಟ್ಟಿಸಲಾಗದ ಪತ್ರಗಳು ಅಲ್ಲಿಗೆ ಹೋಗುತ್ತಿದ್ದವು. 1898ರ ಅಂಚೆ ಕಾಯ್ದೆಯಲ್ಲಿ ಇದಕ್ಕೊಂದು ಕಟ್ಟಳೆ ಇತ್ತು. ಮೊದಲು ಸರಿಯಾದ ವಿಳಾಸಕ್ಕೆ ಕಳಿಸಲು ನೋಡಬೇಕು. ಆಗದಿದ್ದರೆ ಅದಕ್ಕೆಂದೇ ನೇಮಕವಾದ ಅಧಿಕಾರಿ ಪತ್ರ ತೆರೆಯಬಹುದು, ಕಳಿಸಿದವರ ಹೆಸರು ವಿಳಾಸ ತಿಳಿಯುವುದಕ್ಕಾಗಿ. ಆ ಅಧಿಕಾರಿ ಗುಟ್ಟು ಕಾಯುವ ಮಾತಿಗೆ ಕಟ್ಟುಬಿದ್ದವನು. ಆ ಹಳೆಯ ಕಾಯ್ದೆ ಹೋಗಿ 2023ರಲ್ಲಿ ಹೊಸದು ಬಂತು. ಆದರೆ ಆ ಕಟ್ಟಳೆಯ ಧರ್ಮ ಹಳತಾಗಿಲ್ಲ. ತಪ್ಪಿದ ಇ-ಮೇಲ್ ಬಂದ ಗಳಿಗೆಯಲ್ಲಿ ಪೋಸ್ಟ್‌ಮನ್ ನಾವೇ, ಆ ಅಧಿಕಾರಿಯೂ ನಾವೇ.

ಈಗ ನಾನು ಪಾಲಿಸುವ ನಾಲ್ಕು ಮಾತು ಹೇಳುತ್ತೇನೆ. ನನ್ನದಲ್ಲ ಎಂದು ತಿಳಿದಲ್ಲಿಗೆ ಓದು ನಿಲ್ಲಿಸುತ್ತೇನೆ. ಕಳಿಸಿದವರಿಗೆ ಅಂದೇ ಎರಡು ಸಾಲು ಬರೆಯುತ್ತೇನೆ, ವಿಳಾಸ ತಪ್ಪಿದೆ, ನೋಡಿಕೊಳ್ಳಿ ಎಂದು. ಅವರು ಒಪ್ಪಿದ ಮೇಲೆ ಪತ್ರ ಅಳಿಸುತ್ತೇನೆ. ಅದರಲ್ಲಿದ್ದದ್ದನ್ನು ಯಾರೊಡನೆಯೂ ಆಡುವುದಿಲ್ಲ, ನಗುವುದಕ್ಕೂ ಸಹ. ಆ ಟ್ಯಾಂಕಿನ ಸೊಸೈಟಿಗೂ, ಹುಡುಗನ ಶಾಲೆಗೂ ಹೀಗೆ ಬರೆದಾಯಿತು. ಇಲ್ಲಿ ನಾನು ಹೇಳಿದ್ದರಲ್ಲೂ ಊರುಗಳನ್ನು ಬದಲಿಸಿ ಹೇಳಿದ್ದೇನೆ.

ಒಂದು ಎಚ್ಚರಿಕೆಯೂ ಬೇಕು. ತಪ್ಪಿ ಬಂದಂತೆ ನಟಿಸಿ ಬರುವ ಮೋಸದ ಪತ್ರಗಳು ಇಂದು ಬಹಳ. ಲಿಂಕ್ ಒತ್ತಿ ಎಂದರೆ ಒತ್ತಬೇಡಿ. ಗುರುತಿಲ್ಲದವರ ಫೈಲು ತೆರೆಯಬೇಡಿ. ಹಣದ ಮಾತು ಬಂದರೆ ಅಲ್ಲಿಗೇ ಬಿಡಿ. ಪತ್ರದಲ್ಲಿರುವ ನಂಬರಿಗೆ ಫೋನು ಮಾಡುವ ಬದಲು ಆ ಸಂಸ್ಥೆಯ ನಂಬರನ್ನು ಬೇರೆ ಕಡೆ ಹುಡುಕಿ ಮಾಡಿ. ಇನ್ನು ನೀವೇ ವಿಳಾಸ ಬರೆದುಕೊಡುವಾಗ ಒಂದೊಂದೇ ಅಕ್ಷರ ಬಿಡಿಸಿ ಬರೆಯಿರಿ. ಮನೆಯ ಹಿರಿಯರು ಬರೆದದ್ದನ್ನು ಒಮ್ಮೆ ನೋಡಿ. ಬರಬೇಕಾದ ವರದಿ ಬರದಿದ್ದರೆ ಎಲ್ಲ ಸರಿಯಿದೆ ಎಂದುಕೊಳ್ಳಬೇಡಿ, ಕೇಳಿ.

ಆ ಹಿರಿಯರಿಗೆ ಮುಂದೆ ಏನಾಯಿತೋ ನನಗೆ ತಿಳಿಯದು. ಆ ಹೆಣ್ಣುಮಗಳ ನಂಬರು ನನ್ನ ಫೋನಿನಲ್ಲಿದೆ. ಎಷ್ಟೋ ಸಲ ಮಾಡೋಣವೆನಿಸಿದೆ. ಕೇಳುವ ಹಕ್ಕು ನನಗಿಲ್ಲವೆಂದು ಸುಮ್ಮನಾಗಿದ್ದೇನೆ. ಆ ಲ್ಯಾಬಿನಿಂದ ನನಗೆ ಮತ್ತೆ ಪತ್ರ ಬಂದಿಲ್ಲ. ಇನ್ನು ಬರುವುದೆಲ್ಲ ಸರಿಯಾದ ಮನೆಗೇ ಮುಟ್ಟುತ್ತಿದೆ ಎಂದು ನಂಬಿದ್ದೇನೆ.