ಮಕ್ಕಳ ಮೂತ್ರಪಿಂಡ: ಮನೆಯವರು ತಿಳಿದಿರಬೇಕಾದ ಸಂಗತಿಗಳು

(ಕೆಂಕೆರೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಗುವಿಗೆ ಜ್ವರ ಬಂದರೆ ನಾವು ಹಣೆ ಮುಟ್ಟಿ ನೋಡುತ್ತೇವೆ. ಭೇದಿಯಾದರೆ ಎಷ್ಟು ಸಲ ಎಂದು ಲೆಕ್ಕ ಇಡುತ್ತೇವೆ. ಆದರೆ ಮಗು ದಿನಕ್ಕೆ ಎಷ್ಟು ಸಲ ಮೂತ್ರ ಮಾಡಿತು, ಬಣ್ಣ ಹೇಗಿತ್ತು, ಧಾರೆ ಹೇಗೆ ಬಂತು ಎಂದು ವೈದ್ಯರು ಕೇಳಿದರೆ ಅನೇಕ ಮನೆಗಳಲ್ಲಿ ಉತ್ತರ ಇರುವುದಿಲ್ಲ. ಮೂತ್ರದ ಮಾತು ಆಡುವುದೇ ನಾಚಿಕೆ ಎಂಬ ಭಾವನೆ ನಮ್ಮಲ್ಲಿದೆ. ಈ ನಾಚಿಕೆಯಿಂದ ಕಾಯಿಲೆ ತಡವಾಗಿ ಗೊತ್ತಾಗುತ್ತದೆ.

ನಮ್ಮ ಒಂದೊಂದು ಮೂತ್ರಪಿಂಡದಲ್ಲಿ ಸುಮಾರು 10 ಲಕ್ಷ ಸಣ್ಣ ಶೋಧಕಗಳಿವೆ. ಇವೆಲ್ಲ ತಾಯಿಯ ಹೊಟ್ಟೆಯಲ್ಲಿ ಸುಮಾರು 36 ವಾರ ತುಂಬುವಷ್ಟರಲ್ಲಿ ತಯಾರಾಗುತ್ತವೆ. ಆಮೇಲೆ ಹೊಸದಾಗಿ ಹುಟ್ಟುವುದಿಲ್ಲ. ಹಾಳಾದದ್ದು ಹಾಳಾದಂತೆಯೇ. ಆದ್ದರಿಂದ ಬಾಲ್ಯದಲ್ಲಿ ಮೂತ್ರಪಿಂಡಕ್ಕೆ ಆದ ಗಾಯ ಮುಂದೆ ರಕ್ತದೊತ್ತಡವಾಗಿ, ಕಿಡ್ನಿ ವೈಫಲ್ಯವಾಗಿ ಕಾಣಿಸಿಕೊಳ್ಳಬಹುದು.

ಮೊದಲು ಎಳೆಗೂಸಿನ ವಿಷಯ. ಹುಟ್ಟಿದ ಮಗು ಸಾಮಾನ್ಯವಾಗಿ 24 ಗಂಟೆಯೊಳಗೆ ಮೂತ್ರ ಮಾಡುತ್ತದೆ. 48 ಗಂಟೆ ಕಳೆದರೂ ಮಾಡದಿದ್ದರೆ ತಕ್ಷಣ ವೈದ್ಯರಿಗೆ ತೋರಿಸಬೇಕು. ಮೊದಲ ವಾರ ಕಳೆದ ಮೇಲೆ ಎದೆಹಾಲು ಸಾಕಾಗುತ್ತಿರುವ ಮಗು ದಿನಕ್ಕೆ ಆರು ಸಲವಾದರೂ ಬಟ್ಟೆ ಒದ್ದೆ ಮಾಡುತ್ತದೆ. ಗಂಡು ಮಗುವಿನ ಮೂತ್ರ ಧಾರೆಯಾಗಿ ಬರಬೇಕು. ತೊಟ್ಟಿಕ್ಕುತ್ತಿದ್ದರೆ, ಮಗು ಮುಕ್ಕುತ್ತಿದ್ದರೆ, ಮೂತ್ರನಾಳದ ಒಳಗೆ ಹುಟ್ಟಿನಿಂದಲೇ ಅಡ್ಡ ಪೊರೆ ಇರಬಹುದು. ಮೂತ್ರ ಹಿಂದಕ್ಕೆ ಒತ್ತಿ ಎರಡೂ ಮೂತ್ರಪಿಂಡಗಳನ್ನು ಕೆಡಿಸುವ ತೊಂದರೆ ಇದು. ಬೇಗ ಗೊತ್ತಾದರೆ ಸಣ್ಣ ದುರ್ಬೀನಿನ ಮೂಲಕ ಪೊರೆಯನ್ನು ತೆಗೆಯುತ್ತಾರೆ. ಗರ್ಭಿಣಿಯ ಸ್ಕ್ಯಾನಿಂಗ್‌ನಲ್ಲಿ ಮಗುವಿನ ಮೂತ್ರಪಿಂಡ ಊದಿದೆ ಎಂದು ಬರೆದಿದ್ದರೆ ಆ ಕಾಗದವನ್ನು ಜೋಪಾನ ಮಾಡಿ, ಹೆರಿಗೆಯ ನಂತರ ಮಕ್ಕಳ ವೈದ್ಯರಿಗೆ ತೋರಿಸಿ.

ಇಲ್ಲಿ ನಮ್ಮ ಮನೆಗಳಿಗೆ ವಿಶೇಷವಾಗಿ ಸಂಬಂಧಿಸಿದ ಮಾತೊಂದಿದೆ. ಕೆಲವು ಗಂಡು ಮಕ್ಕಳಿಗೆ ಮೂತ್ರದ ರಂಧ್ರ ತುದಿಯಲ್ಲಿರದೆ ಕೆಳಭಾಗದಲ್ಲಿರುತ್ತದೆ. ಇಂತಹ ಮಗು ಖತ್ನಾ ಆಗಿಯೇ ಹುಟ್ಟಿದೆ ಎಂದು ಸಂತೋಷಪಡುವವರೂ ಇದ್ದಾರೆ. ಅದು ಹುಟ್ಟಿನ ದೋಷ. ಅದನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಗೆ ಮುಂದೊಗಲಿನ ಚರ್ಮವೇ ಬೇಕಾಗಬಹುದು. ಆದ್ದರಿಂದ ಖತ್ನಾಕ್ಕೆ ಮೊದಲು ಮಗುವನ್ನು ವೈದ್ಯರಿಗೆ ತೋರಿಸಿ. ರಂಧ್ರ ಸರಿಯಾದ ಜಾಗದಲ್ಲಿಲ್ಲದಿದ್ದರೆ ಖತ್ನಾ ಮಾಡಿಸಬೇಡಿ, ಮಕ್ಕಳ ಶಸ್ತ್ರವೈದ್ಯರು ಎರಡನ್ನೂ ಒಟ್ಟಿಗೆ ನೋಡಿಕೊಳ್ಳುತ್ತಾರೆ.

ಎರಡನೆಯದು ಮೂತ್ರದ ಸೋಂಕು. ದೊಡ್ಡ ಮಗು 'ಉರಿ' ಎಂದು ಹೇಳುತ್ತದೆ. ಎಳೆಗೂಸು ಏನು ಹೇಳೀತು? ಅದಕ್ಕೆ ಜ್ವರ ಬರುತ್ತದೆ, ವಾಂತಿಯಾಗುತ್ತದೆ, ಹಾಲು ಬಿಡುತ್ತದೆ, ಅಷ್ಟೆ. ನೆಗಡಿ ಇಲ್ಲ, ಕೆಮ್ಮು ಇಲ್ಲ, ಆದರೂ ಜ್ವರ ಇದೆ ಎಂದಾದರೆ ಮೂತ್ರ ಪರೀಕ್ಷೆ ಆಗಲೇಬೇಕು. ಅದೂ ಆ್ಯಂಟಿಬಯೋಟಿಕ್ ಕೊಡುವ ಮೊದಲೇ ಆಗಬೇಕು. ಔಷಧಿ ಹೊಟ್ಟೆಗೆ ಹೋದ ಮೇಲೆ ಕಲ್ಚರ್ ಪರೀಕ್ಷೆಯಲ್ಲಿ ರೋಗಾಣು ಸಿಕ್ಕದೆ ಹೋಗಬಹುದು. ಇಂಜೆಕ್ಷನ್ ಹಾಕಿಸಿ ಜ್ವರ ಇಳಿಸಿಕೊಂಡು ಬಂದರೆ ಕಾರಣ ಒಳಗೇ ಉಳಿಯುತ್ತದೆ. ಕೆಲವು ಮಕ್ಕಳಲ್ಲಿ ಮೂತ್ರ ಚೀಲದಿಂದ ಹಿಂದಕ್ಕೆ, ಮೂತ್ರಪಿಂಡದ ಕಡೆಗೆ ಹರಿಯುತ್ತದೆ. ಸೋಂಕು ಮರುಕಳಿಸಿದಂತೆಲ್ಲ ಅಲ್ಲಿ ಕಲೆ ಬೀಳುತ್ತದೆ.

ಮೂರನೆಯದು ಮುಖದ ಊತ. ಬೆಳಿಗ್ಗೆ ಎದ್ದಾಗ ಮಗುವಿನ ಕಣ್ಣಿನ ಸುತ್ತ ಊದಿಕೊಂಡು, ದಿನ ಕಳೆದಂತೆ ಕಾಲು, ಹೊಟ್ಟೆ ಊದಿ, ಮೂತ್ರ ನೊರೆನೊರೆಯಾಗಿದ್ದರೆ ಅದು ನೆಫ್ರೋಟಿಕ್ ಸಿಂಡ್ರೋಮ್ ಇರಬಹುದು. ದೇಹದ ಪ್ರೋಟೀನ್ ಮೂತ್ರದಲ್ಲಿ ಸೋರಿಹೋಗುವ ಕಾಯಿಲೆ ಇದು. ಹೆಚ್ಚಾಗಿ 2ರಿಂದ 6 ವರ್ಷದ ಮಕ್ಕಳಲ್ಲಿ ಶುರುವಾಗುತ್ತದೆ. ಹೆಚ್ಚಿನ ಮಕ್ಕಳಿಗೆ ಪ್ರೆಡ್ನಿಸೊಲೋನ್ ಮಾತ್ರೆಯಿಂದ ಕೆಲವೇ ವಾರಗಳಲ್ಲಿ ಗುಣ ಕಾಣುತ್ತದೆ. ಅಪಾಯ ಬರುವುದು ಆಮೇಲೆ. ಊತ ಇಳಿಯಿತು, ಸ್ಟೀರಾಯ್ಡ್ ಕೆಟ್ಟದ್ದಂತೆ ಎಂದು ನೆರೆಯವರ ಮಾತು ಕೇಳಿ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವವರಿದ್ದಾರೆ. ಹಾಗೆ ಮಾಡಬಾರದು. ಈ ಕಾಯಿಲೆ ಮರುಕಳಿಸುವಂಥದ್ದು. ಮನೆಯಲ್ಲೇ ಪಟ್ಟಿ ಅದ್ದಿ ಮೂತ್ರ ನೋಡಿ ಪುಸ್ತಕದಲ್ಲಿ ಬರೆದಿಡುವುದನ್ನು ವೈದ್ಯರು ಕಲಿಸುತ್ತಾರೆ. ಓದು ಬಾರದ ತಾಯಿಗೆ ಮನೆಯ ಹೈಸ್ಕೂಲು ವಿದ್ಯಾರ್ಥಿಯೇ ಈ ಲೆಕ್ಕ ಬರೆದುಕೊಡಬಹುದು.

ಗಂಟಲು ನೋವು ಅಥವಾ ಚರ್ಮದ ಕಜ್ಜಿಯಾದ ಕೆಲವು ವಾರಗಳಲ್ಲಿ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿ, ಮುಖ ಊದಿದರೆ ಅದು ಬೇರೆ ಕಾಯಿಲೆ. ಅದರಲ್ಲಿ ರಕ್ತದೊತ್ತಡ ಏರಿ ಫಿಟ್ಸ್ ಬರಬಹುದು. ಮಗುವನ್ನು ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.

ನಮ್ಮದು ತೆಂಗಿನ ಸೀಮೆ. ಉರಿಮೂತ್ರಕ್ಕೆ ಎಳನೀರು ಎಂಬುದು ಎಲ್ಲರಿಗೂ ಗೊತ್ತು. ಆರೋಗ್ಯವಂತ ಮಗುವಿಗೆ ಎಳನೀರು ಒಳ್ಳೆಯದೇ. ಆದರೆ ಅದು ಸೋಂಕಿಗೆ ಔಷಧಿಯಲ್ಲ. ಅಲ್ಲದೆ 100 ಮಿಲಿ ಲೀಟರ್ ಎಳನೀರಿನಲ್ಲಿ ಸುಮಾರು 200 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡ ಸೋತ ಮಗು ಇದನ್ನು ಹೊರಹಾಕಲಾರದು. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ನಿಲ್ಲಬಹುದು. ಆದ್ದರಿಂದ ಮೂತ್ರ ಕಡಿಮೆಯಾದ, ಮೈ ಊದಿದ ಮಗುವಿಗೆ ವೈದ್ಯರನ್ನು ಕೇಳದೆ ಎಳನೀರು ಕುಡಿಸಬೇಡಿ. ತೋಟದಲ್ಲೇ ಸಿಗುತ್ತದೆ, ಏನು ಮಹಾ ಎನ್ನಬೇಡಿ.

ಅಂಗಡಿಯ ಸಿರಪ್ಪಿನ ಬಗ್ಗೆಯೂ ಎಚ್ಚರ ಬೇಕು. 2022ರಲ್ಲಿ ಆಫ್ರಿಕಾದ ಗ್ಯಾಂಬಿಯಾದಲ್ಲಿ, 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದ ಪುಟ್ಟ ಮಕ್ಕಳು ಕಿಡ್ನಿ ಕೆಟ್ಟು ಸತ್ತರು. ಸಾಮಾನ್ಯ ಕೆಮ್ಮು ನೆಗಡಿ ತಾನಾಗಿಯೇ ವಾಸಿಯಾಗುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮಿನ ಸಿರಪ್ ಬೇಡವೇ ಬೇಡ. ವಾಂತಿ ಭೇದಿಯಾದರೆ ಓ.ಆರ್.ಎಸ್. ಕುಡಿಸಿ. ನೀರು ಬತ್ತಿದ ಮೈಯಲ್ಲಿ ಮೂತ್ರಪಿಂಡವೂ ಬತ್ತುತ್ತದೆ.

ಇನ್ನು ವಿದ್ಯಾರ್ಥಿಗಳಿಗೆ, ಮುಖ್ಯವಾಗಿ ವಿದ್ಯಾರ್ಥಿನಿಯರಿಗೆ. ಶಾಲೆಯ ಶೌಚಾಲಯ ಗಲೀಜು ಎಂದು ಬೆಳಿಗ್ಗೆಯಿಂದ ನೀರನ್ನೇ ಕುಡಿಯದೆ, ಸಂಜೆಯವರೆಗೆ ಮೂತ್ರ ಕಟ್ಟಿಕೊಳ್ಳುವ ಹುಡುಗಿಯರು ಎಷ್ಟೋ ಜನ. ಸೋಂಕಿಗೆ ಇದೂ ಕಾರಣ. ಮಲಬದ್ಧತೆ ಸೇರಿದರೆ ಇನ್ನೂ ಹೆಚ್ಚು. 2009ರ ಶಿಕ್ಷಣ ಹಕ್ಕು ಕಾಯ್ದೆ ಬಾಲಕ ಬಾಲಕಿಯರಿಗೆ ಪ್ರತ್ಯೇಕ ಶೌಚಾಲಯವನ್ನೂ ಕುಡಿಯುವ ನೀರನ್ನೂ ಕಡ್ಡಾಯ ಮಾಡಿದೆ. ಕಟ್ಟಡವಿದ್ದರೆ ಸಾಲದು, ಒಳಗೆ ನೀರಿರಬೇಕು, ಬಾಗಿಲಿಗೆ ಚಿಲಕವಿರಬೇಕು. ಪಾಠದ ನಡುವೆ ಮಗು ಕೈ ಎತ್ತಿದರೆ ಶಿಕ್ಷಕರು ಕಳುಹಿಸಬೇಕು. ಐದು ವರ್ಷದೊಳಗಿನ ಮಗು ಹಾಸಿಗೆ ಒದ್ದೆ ಮಾಡಿದರೆ ಅದು ಕಾಯಿಲೆಯಲ್ಲ. ದೊಡ್ಡ ಮಗುವಾದರೂ ಹೊಡೆಯುವುದು, ಹೀಯಾಳಿಸುವುದು ಮದ್ದಲ್ಲ.

ಬಡವರು ಹೆದರಬೇಕಾಗಿಲ್ಲ. ಮೂತ್ರ ಪರೀಕ್ಷೆ, ರಕ್ತದೊತ್ತಡದ ಪರೀಕ್ಷೆ ದುಬಾರಿಯಲ್ಲ. ಹೆಚ್ಚಿನ ಚಿಕಿತ್ಸೆಗೆ ತುಮಕೂರು ಜಿಲ್ಲಾ ಆಸ್ಪತ್ರೆ ಇದೆ, ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಸರ್ಕಾರಿ ಆಸ್ಪತ್ರೆಯಲ್ಲೇ ವಿಚಾರಿಸಿ. ಪಡಿತರ ಚೀಟಿ, ಆಧಾರ್ ಜೊತೆಗಿರಲಿ.

ಸಂಘದ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೇ. ವಿದ್ಯಾರ್ಥಿ ವೇತನ, ಪುಸ್ತಕ ಹಂಚುವ ಕೆಲಸದ ಜೊತೆಗೆ ನಮ್ಮ ಮಕ್ಕಳು ಓದುವ ಶಾಲೆಗಳ ಶೌಚಾಲಯವನ್ನು ವರ್ಷಕ್ಕೆ ಎರಡು ಸಲ ಹೋಗಿ ನೋಡಿ ಬನ್ನಿ. ತಾಯಂದಿರೇ, ಕಾರಣ ತಿಳಿಯದ ಜ್ವರಕ್ಕೆ 'ಮೂತ್ರ ಪರೀಕ್ಷೆ ಮಾಡಿಸೋಣವೇ ಡಾಕ್ಟರೇ?' ಎಂದು ನೀವೇ ಕೇಳಿ. ಹಾಗೆ ಕೇಳಲು ಸಂಕೋಚ ಬೇಡ.