ಕೆಂಪು ಗಾಡಿ ಬರುವ ಮುಂಚೆ



ನಾವು ತಾಲ್ಲೂಕಿನ ಅಗ್ನಿಶಾಮಕ ಠಾಣೆಯಿಂದ ಬಂದಿದ್ದೀವಿ. ಅಗ್ನಿಶಾಮಕ ಅಂದರೆ ಬೆಂಕಿ ಆರಿಸುವವರು. ನೀವು ನಮ್ಮನ್ನು ಬೆಂಕಿ ಗಾಡಿಯವರು ಅಂತೀರಿ. ಹಾಗೇ ಅನ್ನಿ, ಬೇಜಾರಿಲ್ಲ. ಆ ಸಣ್ಣ ಠಾಣೆಯನ್ನು ನಡೆಸುವ ಜವಾಬ್ದಾರಿ ನಮ್ಮದು. ನಮ್ಮನ್ನು ಠಾಣಾಧಿಕಾರಿ ಎಂದು ಕರೆಯುತ್ತಾರೆ.

"ಗಾಡಿ ಹೋಗುತ್ತೆ, ನೀರು ಬಿಡ್ತಾರೆ, ಬೆಂಕಿ ಆರುತ್ತೆ. ಇದರಲ್ಲಿ ಅಧಿಕಾರಿಗೆ ಏನು ಕೆಲಸ?" ಅಂತ ನೀವು ಕೇಳಬಹುದು. ಸ್ವಲ್ಪ ಲೆಕ್ಕ ಹಾಕೋಣ. ನೀವೀಗ ಲೆಕ್ಕ ಕಲಿತಿದ್ದೀರಲ್ಲ!

ನಮ್ಮ ಗಾಡಿಯ ತೊಟ್ಟಿಯಲ್ಲಿ 4,500 ಲೀಟರ್ ನೀರು ಹಿಡಿಯುತ್ತದೆ. ನಿಮ್ಮ ಕೊಡ 15 ಲೀಟರಿನದು ಅಂದುಕೊಳ್ಳಿ. 300 ಕೊಡ ಆಯಿತು. ಬಹಳ ಅನ್ನಿಸುತ್ತದೆ, ಅಲ್ಲವೇ? ಆದರೆ ಒಂದು ಪೈಪು ಜೋರಾಗಿ ಬಿಟ್ಟರೆ ನಿಮಿಷಕ್ಕೆ ಸುಮಾರು 30 ಕೊಡ ನೀರು ಹೋಗುತ್ತದೆ. ಹತ್ತೇ ನಿಮಿಷಕ್ಕೆ ತೊಟ್ಟಿ ಖಾಲಿ. ಎರಡು ಪೈಪು ಬಿಟ್ಟರೆ ಐದು ನಿಮಿಷ.

ಆಮೇಲೆ ನೀರು ಎಲ್ಲಿಂದ ತರೋದು? ಗಾಡಿ ಹೊರಡುವಾಗಲೇ ಅದು ನಮ್ಮ ತಲೆಯಲ್ಲಿ ಇರಬೇಕು. ಅದಕ್ಕೇ ಬೇಸಿಗೆಗೆ ಮುಂಚೆ ಊರೂರು ಸುತ್ತುತ್ತೀವಿ. ಯಾವ ಕೆರೆಯಲ್ಲಿ ನೀರಿದೆ, ಯಾರ ತೋಟದ ಬೋರ್‌ವೆಲ್ ಚೆನ್ನಾಗಿದೆ, ಯಾವ ಓಣಿಯಲ್ಲಿ ಗಾಡಿ ತಿರುಗುತ್ತದೆ, ಎಲ್ಲಾ ಒಂದು ಪುಸ್ತಕದಲ್ಲಿ ಬರೆದಿಡುತ್ತೀವಿ. ಕರೆಂಟು ಇಲ್ಲದಿದ್ದರೆ ಬೋರ್‌ವೆಲ್ ಇದ್ದೂ ಇಲ್ಲದ ಹಾಗೆ. ಅದನ್ನೂ ಯೋಚಿಸಬೇಕು.

ಈಗ ಹುಲ್ಲಿನ ಬಣವೆಯ ಮಾತು. ಸುಗ್ಗಿ ಮುಗಿದ ಮೇಲೆ ನಮಗೆ ಬರುವ ಕರೆಗಳಲ್ಲಿ ಇವೇ ಜಾಸ್ತಿ. ಬಣವೆಗಳನ್ನು ಒಂದರ ಪಕ್ಕ ಒಂದು ಒಟ್ಟಿರುತ್ತೀರಿ. ಮೇಲೆ ಕರೆಂಟಿನ ತಂತಿ. ಗಾಳಿ ಬೀಸಿದರೆ ತಂತಿಗೆ ತಂತಿ ತಾಗಿ ಕಿಡಿ ಉದುರುತ್ತದೆ. ಇಲ್ಲವೇ ಯಾರೋ ಬೀಡಿ ಸೇದಿ ಎಸೆದಿರುತ್ತಾರೆ.

ಒಂದು ಊರಿಗೆ ಹೋದಾಗ ಅಜ್ಜಿಯೊಬ್ಬರ ಬಣವೆ ಧಗಧಗ ಉರಿಯುತ್ತಿತ್ತು. ಪಕ್ಕದಲ್ಲಿ ಇನ್ನೂ ನಾಲ್ಕು ಬಣವೆ. ಅದರಾಚೆ ದನದ ಕೊಟ್ಟಿಗೆ. ನಾವು ಉರಿಯುವ ಬಣವೆಗೆ ನೀರು ಬಿಡಲಿಲ್ಲ. ಪಕ್ಕದ ಬಣವೆಗಳನ್ನು ತೋಯಿಸಿದೆವು. ಊರವರು ಬೈದರು. ಅಜ್ಜಿ ಮಣ್ಣು ತೂರಿದರು. ಯಾಕೆ ಹಾಗೆ ಮಾಡಿದೆವು? ಹುಲ್ಲಿನ ಬಣವೆ ಒಳಗೊಳಗೇ ಉರಿಯುತ್ತದೆ. ಮೇಲೆ ನೀರು ಸುರಿದರೆ ಒಳಗೆ ಇಳಿಯುವುದಿಲ್ಲ. ಗಾಡಿಯ ನೀರೆಲ್ಲಾ ಅದಕ್ಕೇ ಸುರಿದರೂ ಅದು ಉಳಿಯುತ್ತಿರಲಿಲ್ಲ. ಅಷ್ಟರಲ್ಲಿ ಮಿಕ್ಕ ನಾಲ್ಕೂ ಹೋಗುತ್ತಿದ್ದವು. ನಾಲ್ಕು ಉಳಿದವು, ಕೊಟ್ಟಿಗೆ ಉಳಿಯಿತು. ಅಜ್ಜಿಗೆ ಮಾತ್ರ ಮಳೆಗಾಲದವರೆಗೆ ಹಸುವಿಗೆ ಮೇವಿಲ್ಲ. ಈಗಲೂ ಸಂತೆಯಲ್ಲಿ ನಮ್ಮನ್ನು ಕಂಡರೆ ಮುಖ ತಿರುಗಿಸುತ್ತಾರೆ. ಅವರ ಸಂಕಟ ಅವರಿಗೆ. ಮತ್ತೆ ಅಂಥ ಹೊತ್ತು ಬಂದರೆ ನಾವು ಹಾಗೇ ಮಾಡುತ್ತೀವಿ.

ಬಣವೆ ಬಣವೆಗೆ ನಡುವೆ ಜಾಗ ಬಿಡಿ. ತಂತಿಯ ಕೆಳಗೆ ಒಟ್ಟಬೇಡಿ. ಹಸಿ ಹುಲ್ಲು ಒಟ್ಟಿದರೆ ಅದು ತನ್ನಷ್ಟಕ್ಕೇ ಕಾದು ಹೊತ್ತಿಕೊಳ್ಳುವುದೂ ಉಂಟು.

ಇನ್ನು ರಸ್ತೆ. ರಾಗಿ, ಹುರುಳಿ ತಂದು ರಸ್ತೆಯ ಮೇಲೆ ಒಕ್ಕಣೆಗೆ ಹಾಕುತ್ತೀರಿ. ಒಣ ಹುಲ್ಲು ಗಾಡಿಯ ಅಡಿಯಲ್ಲಿ ಸುತ್ತಿಕೊಂಡರೆ ಗಾಡಿಗೇ ಬೆಂಕಿ ಹತ್ತಬಹುದು. ಬೆಂಕಿ ಆರಿಸುವ ಗಾಡಿಗೇ ಬೆಂಕಿ! ನಗಬೇಡಿ, ನಿಜವಾಗಿ ಹೇಳ್ತಿದ್ದೀವಿ.

ಕರೆಗೆ ಹೋದಾಗ ನಾವು ಮೊದಲು ಕೇಳುವ ಮಾತು ಒಂದೇ. "ಒಳಗೆ ಯಾರಾದರೂ ಇದ್ದಾರಾ?" ಮೊದಲು ಮನುಷ್ಯರು. ಆಮೇಲೆ ದನಕರು. ಆಮೇಲೆ ಸಾಮಾನು. ನೀವೂ ಹಾಗೇ ಮಾಡಿ. ಹೊರಗೆ ಬಂದ ಕೂಡಲೇ ತಲೆ ಎಣಿಸಿ. ಒಡವೆಗೆ, ರೇಷನ್ ಕಾರ್ಡಿಗೆ ಅಂತ ಮತ್ತೆ ಒಳಗೆ ಓಡಬೇಡಿ. ಉರಿಗಿಂತ ಮೊದಲು ಹೊಗೆ ಕೊಲ್ಲುತ್ತದೆ.

ನಮ್ಮ ಹುಡುಗರ ಜೀವವೂ ನಮ್ಮ ಲೆಕ್ಕದಲ್ಲೇ ಇರುತ್ತದೆ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಒಂದು ಹಡಗಿಗೆ ಬೆಂಕಿ ಬಿತ್ತು. ಅದರಲ್ಲಿ ಹತ್ತಿಯೂ ಇತ್ತು, ಸಿಡಿಮದ್ದೂ ಇತ್ತು. ಆರಿಸುತ್ತಿದ್ದಾಗಲೇ ಹಡಗು ಸಿಡಿಯಿತು. 60ಕ್ಕೂ ಹೆಚ್ಚು ಅಗ್ನಿಶಾಮಕರು ಸತ್ತರು. ಅವರ ನೆನಪಿಗೆ ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ.

ಅದಕ್ಕೇ ಹಾಳು ಬಾವಿಯ ಕರೆ ಬಂದರೆ ಉಸಿರಾಟದ ಸಾಧನ ಇಲ್ಲದೆ ಯಾರನ್ನೂ ಇಳಿಸುವುದಿಲ್ಲ. ಹಳೆ ಬಾವಿಯ ತಳದಲ್ಲಿ ಉಸಿರಾಡಲು ಒಳ್ಳೆಯ ಗಾಳಿ ಇರುವುದಿಲ್ಲ. ಒಬ್ಬ ಬಿದ್ದ ಅಂತ ಅಣ್ಣ ಇಳಿಯುತ್ತಾನೆ. ಅಣ್ಣ ಏಳಲಿಲ್ಲ ಅಂತ ಮಾವ ಇಳಿಯುತ್ತಾನೆ. ಒಂದು ಹೆಣ ಮೂರಾಗುತ್ತದೆ. ನಿಮ್ಮ ಗಂಡಸರನ್ನು ಕೈ ಹಿಡಿದು ನಿಲ್ಲಿಸಿ.

ದೂರದ ಊರಿಗೆ ನಾವು ಬರಲು ಅರ್ಧ ಗಂಟೆ ಹಿಡಿಯಬಹುದು. ಇರುವುದು ಒಂದೇ ಗಾಡಿ. ಅದು ಇನ್ನೊಂದು ಕರೆಗೆ ಹೋಗಿದ್ದರೆ ಪಕ್ಕದ ತಾಲ್ಲೂಕಿನಿಂದ ಕರೆಸಬೇಕು. ಅಲ್ಲಿಯವರೆಗೆ ನೀವೇ ದಿಕ್ಕು.

ಮೊದಲು 101ಕ್ಕೆ ಇಲ್ಲವೇ 112ಕ್ಕೆ ಫೋನ್ ಮಾಡಿ. ಬೆಂಕಿ ಆರಿಸಲು ದುಡ್ಡು ಕೊಡಬೇಕಿಲ್ಲ. ಊರಿನ ಹೆಸರು, ಪಂಚಾಯಿತಿ, ಹತ್ತಿರದ ಗುಡಿಯೋ ಶಾಲೆಯೋ, ಉರಿಯುತ್ತಿರುವುದು ಏನು, ಇಷ್ಟು ಹೇಳಿ. ಒಂದೇ ಹೆಸರಿನ ಊರು ಎರಡು ಮೂರು ಇರುತ್ತವೆ. ಅಡುಗೆಮನೆಯ ಗೋಡೆ ಮೇಲೆ ಇದ್ದಿಲಿನಲ್ಲಿ 101 ಬರೆದಿಡಿ. ಒಬ್ಬರು ದಾರಿ ತೋರಿಸಲು ರಸ್ತೆಗೆ ಬಂದು ನಿಲ್ಲಿ.

ಸೆರಗಿಗೆ ಬೆಂಕಿ ಹತ್ತಿದರೆ ಓಡಬೇಡಿ. ಓಡಿದರೆ ಗಾಳಿಗೆ ಉರಿ ಏರುತ್ತದೆ. ನೆಲಕ್ಕೆ ಬಿದ್ದು ಹೊರಳಾಡಿ. ನೋಡಿದವರು ದಪ್ಪ ಕಂಬಳಿ ಸುತ್ತಿ. ಆಮೇಲೆ ಸುಟ್ಟ ಜಾಗಕ್ಕೆ 20 ನಿಮಿಷ ತಣ್ಣೀರು ಹಾಕಿ. ಪೇಸ್ಟು, ಶಾಯಿ ಯಾವುದೂ ಬೇಡ. ಆಸ್ಪತ್ರೆಗೆ ಕರೆದುಕೊಂಡು ಹೋಗಿ.

2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಬಹಳ ಮನೆಗಳಿಗೆ ಗ್ಯಾಸ್ ಬಂದಿದೆ. ಒಳ್ಳೆಯದೇ ಆಯಿತು, ಹೊಗೆ ಕುಡಿಯುವುದು ತಪ್ಪಿತು. ಆದರೆ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ಹರಡಿ ನಿಲ್ಲುತ್ತದೆ. ವಾಸನೆ ಬಂದರೆ ಲೈಟಿನ ಸ್ವಿಚ್ ಮುಟ್ಟಬೇಡಿ. ಹಾಕುವುದೂ ಬೇಡ, ಆರಿಸುವುದೂ ಬೇಡ. ಒಲೆ, ದೀಪ ಹಚ್ಚಬೇಡಿ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆಗೆದು ಹೊರಗೆ ಬನ್ನಿ. ಹೊರಗಿನಿಂದ 1906ಕ್ಕೆ ಫೋನ್ ಮಾಡಿ. ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ನೀರು ಹಾಕಲೇಬೇಡಿ. ಒಲೆ ಆರಿಸಿ, ತಟ್ಟೆ ಮುಚ್ಚಿ.

"ಇದೆಲ್ಲಾ ಗಂಡಸರ ಕೆಲಸ" ಅಂತ ಹಿಂದಿನ ಸಾಲಿನಲ್ಲಿ ಯಾರೋ ಅಂದರು. ನಾಗಪುರದಲ್ಲಿ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು ಇದೆ. 2002ರಲ್ಲಿ ಹರ್ಷಿಣಿ ಕಾನ್ಹೇಕರ್ ಎಂಬ ಹುಡುಗಿ ಅಲ್ಲಿಗೆ ಸೇರಿದರು. ಅಲ್ಲಿಯವರೆಗೆ ಒಬ್ಬ ಹೆಣ್ಣುಮಗಳೂ ಅಲ್ಲಿ ಓದಿರಲಿಲ್ಲ. ಅವರು ಗಂಡುಹುಡುಗರ ಜೊತೆಗೇ ಪೈಪು ಹೊತ್ತರು, ಕಲಿತರು, ಅದೇ ಕೆಲಸಕ್ಕೆ ಸೇರಿದರು.

ಗಾಡಿ ಹೊರಗೆ ನಿಂತಿದೆ. ಬನ್ನಿ, ನೀವೂ ಪೈಪು ಹಿಡಿದು ನೋಡಿ. ನೀರಿನ ಒತ್ತಡಕ್ಕೆ ಹಿಂದಕ್ಕೆ ತಳ್ಳುತ್ತದೆ, ಇಬ್ಬಿಬ್ಬರು ಹಿಡಿಯಿರಿ. ನಡುವೆ ಕರೆ ಬಂದರೆ ಹೇಳದೆ ಕೇಳದೆ ಹೊರಟುಬಿಡ್ತೀವಿ. ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ.