ಮಾದರಿಗೆ ಹಾರಾಟದ ಸಾಕ್ಷಿ

ಈ ವಸ್ತುಪ್ರದರ್ಶನದ ಮಳಿಗೆಗಳಲ್ಲಿ ಏನಿದೆ ಎಂಬುದನ್ನು ಅವನ್ನು ಕಟ್ಟಿದವರೇ ನನಗಿಂತ ಚೆನ್ನಾಗಿ ಹೇಳುತ್ತಾರೆ. ನಾನು ಟಿಲ್ಟ್-ರೋಟರ್ ವಿಮಾನವನ್ನು ಹಿಡಿದು ಒಂದೇ ಮಾತು ಹೇಳುತ್ತೇನೆ: ಕಂಪ್ಯೂಟರಿನಲ್ಲಿ ಕಟ್ಟಿದ ಗಣಿತ ಮಾದರಿ, ಹಾರಾಟದಲ್ಲಿ ಅಳೆದು ನೋಡುವವರೆಗೆ ಬರೀ ಊಹೆ. ಹೆಲಿಕಾಪ್ಟರಿನಂತೆ ನೆಟ್ಟಗೆ ಮೇಲೆದ್ದು, ರೋಟರುಗಳನ್ನು ಮುಂದಕ್ಕೆ ಬಾಗಿಸಿ ವಿಮಾನದಂತೆ ಸಾಗುವ ಯಂತ್ರ ಟಿಲ್ಟ್-ರೋಟರ್. ಬಾಗುವ ಹೊತ್ತಿನಲ್ಲಿ ರೋಟರಿನ ಗಾಳಿ ರೆಕ್ಕೆಗೂ ಬಾಲಕ್ಕೂ ಬಡಿಯುವ ರೀತಿ ಬದಲಾಗುತ್ತಲೇ ಇರುತ್ತದೆ. ಅದನ್ನು ಸಮೀಕರಣದಲ್ಲಿ ಪೂರ್ತಿ ಹಿಡಿಯುವುದು ಕಷ್ಟ. 1977ರಲ್ಲಿ ಮೊದಲು ಹಾರಿದ ಅಮೆರಿಕದ ಎಕ್ಸ್‌ವಿ-15 ಮೇಲೆ ನಾಸಾದ ಏಮ್ಸ್ ಕೇಂದ್ರದಲ್ಲಿ 1980ರ ದಶಕದಲ್ಲಿ ನಡೆದ ಕೆಲಸ ನೋಡಿ. ಪೈಲಟ್ ಸ್ಟಿಕ್ಕನ್ನು ಮೊದಲು ನಿಧಾನವಾಗಿ, ಬರಬರುತ್ತಾ ಚುರುಕಾಗಿ ಅತ್ತಿತ್ತ ಆಡಿಸುತ್ತಾನೆ. ಆ ಒಂದೊಂದು ವೇಗಕ್ಕೂ ವಿಮಾನ ಎಷ್ಟು ಓಲಾಡಿತು, ಎಷ್ಟು ತಡವಾಗಿ ಓಲಾಡಿತು ಎಂದು ಲೆಕ್ಕ ಹಾಕಿ ಅದರಿಂದ ಮಾದರಿ ಕಟ್ಟುತ್ತಾರೆ. ಆಮೇಲೆ, ಕಟ್ಟುವಾಗ ಬಳಸದ ಬೇರೆ ದಾಖಲೆ ತೆಗೆದು, ಸ್ಟಿಕ್ಕನ್ನು ಒಮ್ಮೆಲೇ ಸರಿಸಿದಾಗ ವಿಮಾನ ಮಾಡಿದ್ದೇನು, ಮಾದರಿ ಹೇಳಿದ್ದೇನು ಎಂದು ತಾಳೆ ನೋಡುತ್ತಾರೆ. ಇಡೀ ಕೆಲಸದ ಪ್ರಾಮಾಣಿಕತೆ ಇರುವುದು ಈ ಎರಡನೆಯ ಹೆಜ್ಜೆಯಲ್ಲೇ; ತಾನೇ ಬರೆದ ಪ್ರಶ್ನೆಪತ್ರಿಕೆಗೆ ತಾನೇ ಉತ್ತರಿಸಿ ಪಾಸಾಗಲು ಅಲ್ಲಿ ಎಡೆಯಿಲ್ಲ.

ಗಾಳಿ ಸುರಂಗ ಇರುವಾಗ ಪೈಲಟ್ ಜೀವ ಪಣಕ್ಕಿಡುವುದೇಕೆ ಎಂದು ಕೇಳುವವರಿದ್ದಾರೆ. ಸುರಂಗವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಎಕ್ಸ್‌ವಿ-15ಕ್ಕೂ ಹಿಂದಿನ ಟಿಲ್ಟ್-ರೋಟರ್ ಎಕ್ಸ್‌ವಿ-3ರಲ್ಲಿ ರೋಟರೂ ಅದರ ಆಧಾರವೂ ಸೇರಿ ಅಪಾಯಕಾರಿಯಾಗಿ ನಡುಗುವುದನ್ನು ಅರಿತದ್ದು 1960ರ ದಶಕದ ಸುರಂಗ ಪರೀಕ್ಷೆಗಳಲ್ಲೇ. ಆದರೆ ಅಲ್ಲಿ ವಿಮಾನವನ್ನು ಆಸರೆಗೆ ಬಿಗಿದಿರುತ್ತಾರೆ; ಬಯಲಲ್ಲಿ ಓಲುವ, ಹೊರಳುವ ಅದರ ಸ್ವಭಾವ ಪೂರ್ತಿ ಕಾಣುವುದಿಲ್ಲ. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ: ಒಂದು ವೇಗದಲ್ಲಿ ಅಳೆದು ಕಟ್ಟಿದ ಮಾದರಿ ಇನ್ನೊಂದು ವೇಗದಲ್ಲಿ ಸುಳ್ಳಾಗಬಹುದಲ್ಲ? ನಿಜ. ಹಾಗಾಗಿಯೇ ನಿಂತಲ್ಲೇ ತೇಲುವಾಗ, ರೋಟರ್ ಅರ್ಧ ಬಾಗಿದಾಗ, ಪೂರ್ತಿ ಮುಂದಾದಾಗ ಬೇರೆಬೇರೆಯಾಗಿ ಅಳೆಯಬೇಕು. ಖರ್ಚು, ಗಡುವು ಎಂದು ಕೈಬಿಡಬಾರದು. 2000ದ ಏಪ್ರಿಲ್‌ನಲ್ಲಿ ಅರಿಜೋನಾದ ಮರಾನಾದಲ್ಲಿ, ಮುಂದಕ್ಕೆ ನಿಧಾನವಾಗಿ ಸಾಗುತ್ತಾ ಕೆಳಕ್ಕೆ ರಭಸದಿಂದ ಇಳಿಯುತ್ತಿದ್ದ ಟಿಲ್ಟ್-ರೋಟರ್ ವಿಮಾನ ವಿ-22, ತನ್ನದೇ ರೋಟರ್ ಎಬ್ಬಿಸಿದ ಸುಳಿಗೆ ಸಿಕ್ಕಿ ಮಗುಚಿ ಬಿದ್ದು 19 ಜನ ಸತ್ತರು. ಅಂಥ ಇಳಿತದ ಪರೀಕ್ಷೆಗಳಲ್ಲಿ ಹಲವನ್ನು ಅದಕ್ಕೆ ಮೊದಲೇ ಮೊಟಕುಗೊಳಿಸಲಾಗಿತ್ತು. ದುರಂತದ ಮೇಲೆ, ಸಾಕಷ್ಟು ಎತ್ತರದಲ್ಲಿ ಬೇಕೆಂದೇ ಆ ಸುಳಿಗೆ ಇಳಿದು ಅದರ ಗಡಿ ಅಳೆದರು. ರೋಟರುಗಳನ್ನು ಮುಂದಕ್ಕೆ ಬಾಗಿಸಿದರೆ ಪಾರಾಗಬಹುದೆಂಬುದೂ ಹಾರಾಟದಲ್ಲೇ ಖಚಿತವಾಯಿತು. ಮಳಿಗೆಯವರಲ್ಲಿ ನನ್ನ ಕೋರಿಕೆ ಇಷ್ಟೇ: ಬಣ್ಣಬಣ್ಣದ ಸಿಮ್ಯುಲೇಶನ್ ಚಿತ್ರದ ಪಕ್ಕದಲ್ಲಿ ನಿಮ್ಮ ಯಂತ್ರ ನಿಜವಾಗಿ ಹಾರಿದಾಗ ಸಿಕ್ಕ ಗೆರೆಯನ್ನೂ ಹಾಕಿ, ಎರಡೂ ಹೊಂದದ ಜಾಗವನ್ನು ಅಳಿಸಬೇಡಿ.